ಬಣ್ಣಕ್ಕೆ ಎಷ್ಟು ವೋಲ್ಟ್? ಎಲ್‌ಇಡಿ, ಮೀಟರ್ ಮತ್ತು ಚಿಟಿಕೆ ಅರಿಶಿನ

ವೋಲ್ಟೇಜು, ಕರೆಂಟು ಅಳೆಯುವ ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಕೆಂಪು ಎಲ್‌ಇಡಿಯ ಕಾಲುಗಳಿಗೆ ಹಿಡಿದರೆ ಮಂದವಾಗಿ ಹೊತ್ತಿಕೊಳ್ಳುತ್ತದೆ. ಅದೇ ಮೀಟರನ್ನು ನೀಲಿ ಎಲ್‌ಇಡಿಗೆ ಹಿಡಿಯಿರಿ. ಅಗ್ಗದ ಮೀಟರಾದರೆ ಬಹಳ ಸಲ ಏನೂ ಆಗುವುದಿಲ್ಲ. ನನ್ನ ಅಂಗಡಿಗೆ ರೇಡಿಯೊ, ಟಿವಿ ರಿಪೇರಿ ಕಲಿಯಲು ಬರುವ ಹುಡುಗರು ಅದನ್ನು ‘ಸುಟ್ಟಿದೆ’ ಅಂತ ಎತ್ತಿಡುತ್ತಾರೆ. ಸುಟ್ಟಿರುವುದಿಲ್ಲ. ನೀಲಿ ಬೆಳಕು ಹುಟ್ಟುವಷ್ಟು ವೋಲ್ಟೇಜು ಆ ಮೀಟರಿನಿಂದ ಬರುತ್ತಿಲ್ಲ, ಅಷ್ಟೆ. ಕಾಮನಬಿಲ್ಲಿನ ಒಂದೊಂದು ಬಣ್ಣಕ್ಕೂ ಒಂದೊಂದು ಬೆಲೆ ಇದೆ. ಅದನ್ನು ಮೇಜಿನ ಮೇಲೆ ಅಳೆದು ನೋಡುವ ಬಗೆ ಇದು.

ಕೆಂಪು, ಹಳದಿ, ಹಸಿರು, ನೀಲಿ, ನೇರಳೆ, ಬಿಳಿ, ಹೀಗೆ 5 ಮಿ.ಮೀ. ಎಲ್‌ಇಡಿಗಳು ಬೇಕು. ತಲೆ ನೀರಿನಂತೆ ತಿಳಿಯಾಗಿರುವುದನ್ನೇ ಕೇಳಿ. ಬಣ್ಣದ ತಲೆ ಇದ್ದರೆ ಬಣ್ಣ ಪ್ಲಾಸ್ಟಿಕ್ಕಿನದೋ ಬೆಳಕಿನದೋ ಎಂಬ ಅನುಮಾನ ಉಳಿಯುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಉಳಿದವರು ಊರಿನ ಟಿವಿ ಸ್ಪೇರ್ಸ್ ಅಂಗಡಿಯಲ್ಲಿ ವಿಚಾರಿಸಿ. ಜೊತೆಗೆ 9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ಪಾಟ್ (ತಿರುಗಿಸಿ ವೋಲ್ಟೇಜು ಹೆಚ್ಚುಕಡಿಮೆ ಮಾಡುವ ಮೂರು ಕಾಲಿನ ನಾಬ್), ಕರೆಂಟಿಗೆ ಮಿತಿ ಹಾಕಲು 470 ಓಮ್ ರೆಸಿಸ್ಟರ್ (ಹಳದಿ, ನೇರಳೆ, ಕಂದು ಪಟ್ಟಿ), ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಕಾಲು ಸಿಕ್ಕಿಸುವ ತೂತುಗಳ ಹಲಗೆ). ಕರೆಂಟ್ ಲೈನಿನ ಸೀರಿಯಲ್ ಸೆಟ್ಟಿಗೆ ಕೈ ಹಾಕಬೇಡಿ.

ಪಾಟ್‌ನ ಎರಡು ತುದಿಯ ಕಾಲುಗಳನ್ನು ಬ್ಯಾಟರಿಯ ಪ್ಲಸ್, ಮೈನಸ್‌ಗೆ ಕೊಡಿ. ನಡುವಿನ ಕಾಲಿನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ಮೈನಸ್‌ಗೆ. ಮೀಟರ್ ಎಲ್‌ಇಡಿಯ ಎರಡು ಕಾಲಿನ ಮೇಲೆ, ಡಿಸಿ 20 ವೋಲ್ಟ್ ರೇಂಜಿನಲ್ಲಿ. ಎಲ್‌ಇಡಿಯ ತಲೆಗೆ ಕಪ್ಪು ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ತೊಡಿಸಿ, ಕೋಣೆ ಕತ್ತಲು ಮಾಡಿ, ಪಾಟ್ ಅನ್ನು ಮೈನಸ್ ತುದಿಯಿಂದ ನಿಧಾನವಾಗಿ ತಿರುಗಿಸುತ್ತ ಸ್ಲೀವಿನೊಳಗೆ ನೋಡಿ. ಮೊದಲ ಮಿಣುಕು ಕಂಡಲ್ಲೇ ಕೈ ನಿಲ್ಲಿಸಿ ವೋಲ್ಟೇಜು ಬರೆದುಕೊಳ್ಳಿ. ನೇರಳೆ ಎಲ್‌ಇಡಿಯನ್ನು ಮಾತ್ರ ನೇರ ದಿಟ್ಟಿಸಬೇಡಿ. ಅದರ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡಿ.

ನನ್ನ ಬೆಂಚಿನ ಮೇಲೆ ಕೆಂಪು 1.6 ವೋಲ್ಟಿನ ಆಸುಪಾಸಿನಲ್ಲಿ ಕಣ್ಣು ಬಿಡುತ್ತದೆ, ನೀಲಿ 2.4ರ ಹತ್ತಿರ. ಈಗ ಆ ವೋಲ್ಟೇಜನ್ನು ಬೆಳಕಿನ ತರಂಗದ ಉದ್ದದಿಂದ ಗುಣಿಸಿ. ಸಾಮಾನ್ಯವಾಗಿ ಕೆಂಪಿಗೆ 630 ನ್ಯಾನೊಮೀಟರ್, ಹಳದಿಗೆ 590, ಹಸಿರಿಗೆ 525, ನೀಲಿಗೆ 465. ಬಣ್ಣ ಯಾವುದೇ ಇರಲಿ, ಉತ್ತರ ಹೆಚ್ಚುಕಡಿಮೆ ಒಂದೇ ಕಡೆ, ಸಾವಿರದಿಂದ ಸಾವಿರದ ನೂರೈವತ್ತರೊಳಗೆ, ಬಂದು ನಿಲ್ಲುತ್ತದೆ. ಲೆಕ್ಕದ ಪ್ರಕಾರ 1240 ಬರಬೇಕು. ನಮಗೆ ಕಡಿಮೆ ಬರುವುದಕ್ಕೆ ಕಾರಣ ಇದೆ: ಕೋಣೆಯ ಶಾಖವೇ ಎಲೆಕ್ಟ್ರಾನ್‌ಗಳಿಗೆ ಒಂದಿಷ್ಟು ಶಕ್ತಿ ಕೊಟ್ಟಿರುತ್ತದೆ, ಹಾಗಾಗಿ ಪೂರ್ತಿ ವೋಲ್ಟೇಜು ಮುಟ್ಟುವ ಮೊದಲೇ ಮಿಣುಕು ಕಾಣುತ್ತದೆ. ಆ 1240ರೊಳಗೆ ಪ್ಲಾಂಕನ ಸ್ಥಿರಾಂಕ (ಬೆಳಕಿನ ಕಂಪನಕ್ಕೂ ಶಕ್ತಿಗೂ ಇರುವ ನಂಟಿನ ಸಂಖ್ಯೆ), ಬೆಳಕಿನ ವೇಗ, ಎಲೆಕ್ಟ್ರಾನಿನ ವಿದ್ಯುದಂಶ ಮೂರೂ ಅಡಗಿವೆ. ಬೆಳಕು ಪೊಟ್ಟಣ ಪೊಟ್ಟಣವಾಗಿ ಬರುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದನ್ನು ಒಂದು ಒಂಬತ್ತು ವೋಲ್ಟಿನ ಬ್ಯಾಟರಿ ನಿಮ್ಮೆದುರು ತೋರಿಸುತ್ತಿದೆ. ತರಂಗ ಗಿಡ್ಡವಾದಷ್ಟೂ ಪೊಟ್ಟಣದ ಶಕ್ತಿ, ಅಂದರೆ ಅದರ ಬೆಲೆ, ಹೆಚ್ಚು. ಇಷ್ಟು ವರ್ಷವಾದರೂ ನನಗಿದು ಸಣ್ಣ ವಿಷಯ ಅನ್ನಿಸಿಲ್ಲ.

ಹಸಿರಿನಲ್ಲಿ ಎಚ್ಚರ ಇರಲಿ. ಹಳೆಯ ಬಗೆಯ ಹಸಿರು ಎಲ್‌ಇಡಿ ತುಸು ಹಳದಿ ಬೆರೆತಂತೆ ಇರುತ್ತದೆ, ಸುಮಾರು 565 ನ್ಯಾನೊಮೀಟರ್. ಅದು ಹಳದಿಗಿಂತ ಸ್ವಲ್ಪವೇ ಮೇಲೆ ಹೊತ್ತುತ್ತದೆ. ಹೊಸ ಬಗೆಯದು ಎಲೆಹಸಿರು, ಹೆಚ್ಚು ವೋಲ್ಟೇಜು ಕೇಳುತ್ತದೆ. ನಾನು ಕೆಲಸ ಕಲಿಯುವಾಗ ಆಂಪ್ಲಿಫೈಯರ್ ಪ್ಯಾನಲ್‌ಗಳಲ್ಲಿ ನೀಲಿ ದೀಪವೇ ಇರಲಿಲ್ಲ. ಕೆಂಪು 1962ರಲ್ಲೇ ಬಂದಿತ್ತು. ಪ್ರಖರ ನೀಲಿಗೆ 1990ರ ದಶಕ ಬರಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ನೊಬೆಲ್ ಬಂತು.

ಬಿಳಿಯದು ಎಷ್ಟು ವೋಲ್ಟಿಗೆ ಹೊತ್ತಿತು, ನೋಡಿ. ಹೆಚ್ಚುಕಡಿಮೆ ನೀಲಿಯಷ್ಟೇ! ಬಿಳಿ ಎಲ್‌ಇಡಿಯ ಹೊಟ್ಟೆಯಲ್ಲಿರುವುದು ನೀಲಿ ಚಿಪ್ಪೇ, ಅದರ ಮೇಲೆ ಹಳದಿ ಪುಡಿಯ ಲೇಪ. ಪುಡಿ ಒಂದು ಪಾಲು ನೀಲಿಯನ್ನು ನುಂಗಿ ಹಳದಿಯಾಗಿ ಉಗುಳುತ್ತದೆ, ಎರಡೂ ಸೇರಿ ಬಿಳಿ ಕಾಣುತ್ತದೆ. ಹಳೆಯ ಸಿ.ಡಿ.ಯ ಮೇಲೆ ಅದರ ಬೆಳಕನ್ನು ಓರೆಯಾಗಿ ಬೀಳಿಸಿದರೆ ನೀಲಿ ಒಂದು ಕಡೆ ಗಟ್ಟಿಯಾಗಿ, ಹಸಿರಿನಿಂದ ಕೆಂಪಿನವರೆಗೆ ಅಗಲವಾಗಿ ಹರಡಿಕೊಂಡಿರುವುದು ಕಾಣುತ್ತದೆ.

ಈ ನುಂಗಿ ಉಗುಳುವ ಕೆಲಸವನ್ನು ಅಡುಗೆಮನೆಯ ಅರಿಶಿನವೂ ಮಾಡುತ್ತದೆ. ಗಾಜಿನ ಲೋಟದಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಾಕಿ, ಚಿಟಿಕೆ ಅರಿಶಿನ ಕಲಕಿ, ಪುಡಿ ತಳಕ್ಕೆ ಇಳಿಯಲು ಬಿಡಿ. ಹತ್ತಿರ ಬೆಂಕಿ ಇರಬಾರದು. ಕತ್ತಲಲ್ಲಿ ನೇರಳೆ ಎಲ್‌ಇಡಿ ಹಿಡಿದರೆ ದ್ರವ ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಕೆಂಪು ಎಷ್ಟೇ ಜೋರಾಗಿದ್ದರೂ ಸುಮ್ಮನೆ ಹಾದುಹೋಗುತ್ತದೆ. ಹೆಚ್ಚು ಬೆಲೆಯ ಪೊಟ್ಟಣ ಒಡೆದು ಕಡಿಮೆ ಬೆಲೆಯದು ಮಾಡಬಹುದು. ತಿರುಗಾ ಮುರುಗಾ ಇಲ್ಲಿ ಆಗುವುದಿಲ್ಲ.

ಕೊನೆಯ ಪ್ರಯೋಗಕ್ಕೆ ಎಲ್‌ಇಡಿಯನ್ನೇ ಕಣ್ಣು ಮಾಡಿಕೊಳ್ಳಿ. ಬ್ಯಾಟರಿ ಇಲ್ಲದ ಕೆಂಪು ಎಲ್‌ಇಡಿಯನ್ನು ಮೀಟರಿನ 2000 ಮಿಲಿವೋಲ್ಟ್ ರೇಂಜಿಗೆ ಸೇರಿಸಿ, ಹೊತ್ತಿಸಿದ ಹಸಿರು ಎಲ್‌ಇಡಿಯನ್ನು ಒಂದೇ ಕಪ್ಪು ಸ್ಲೀವಿನೊಳಗೆ ಅದಕ್ಕೆ ಎದುರಾಗಿ ಕೂರಿಸಿ. ಮೀಟರ್ ಏರುತ್ತದೆ. ಅದಲುಬದಲು ಮಾಡಿ, ಹಸಿರನ್ನು ಮೀಟರಿಗೆ ಕೊಟ್ಟು ಕೆಂಪನ್ನು ಹೊತ್ತಿಸಿ: ಸೊನ್ನೆಯ ಬಳಿಯೇ ಇರುತ್ತದೆ, ಏಕೆಂದರೆ ಕೆಂಪಿನ ಪೊಟ್ಟಣದ ಬೆಲೆ ಹಸಿರಿಗೆ ಸಾಲದು. ಹೊರಗಿನ ಬೆಳಕು ನುಗ್ಗದಂತೆ ಮೇಲೊಂದು ಕಪ್ಪು ಬಟ್ಟೆ ಮುಚ್ಚಿ.

ಅಮೆರಿಕದ ಹವ್ಯಾಸಿ ವಿಜ್ಞಾನಿ ಫಾರೆಸ್ಟ್ ಮಿಮ್ಸ್ ಎಲ್‌ಇಡಿಯ ಈ ಗುಣವನ್ನೇ ಬಳಸಿ ಸೂರ್ಯನ ಬೆಳಕನ್ನು ಅಳೆಯುವ ಉಪಕರಣ ಕಟ್ಟಿದರು. ನೀವೂ ಮೀಟರನ್ನು 200 ಮೈಕ್ರೊಆಂಪಿಯರ್ ರೇಂಜಿಗೆ ಹಾಕಿ, ಕೆಂಪು ಮತ್ತು ನೀಲಿ ಎಲ್‌ಇಡಿಗಳ ಕರೆಂಟನ್ನು ನಡು ಮಧ್ಯಾಹ್ನ ಒಮ್ಮೆ, ಸೂರ್ಯ ಇಳಿಯುವಾಗ ಒಮ್ಮೆ ಬರೆದುಕೊಳ್ಳಿ. ಸಂಜೆಗೆ ಕೆಂಪಿಗಿಂತ ನೀಲಿ ಬೇಗ ಕುಸಿಯುತ್ತದೆ, ಏಕೆಂದರೆ ದಪ್ಪ ಗಾಳಿಯ ಪದರ ನೀಲಿಯನ್ನು ಹೆಚ್ಚು ಚದುರಿಸುತ್ತದೆ. ಗುರಿ ಹಿಡಿಯಲು ಸೂರ್ಯನತ್ತ ನೋಡಬೇಡಿ; ಸ್ಲೀವಿನ ನೆರಳು ನೆಲದ ಮೇಲೆ ಅತಿ ಚಿಕ್ಕದಾಗುವಂತೆ ತಿರುಗಿಸಿದರೆ ಎಲ್‌ಇಡಿ ನೇರವಾಗಿದೆ ಎಂದರ್ಥ.