ತೊಗರಿ ಕಾಟಾ ಮತ್ತು ಎಫ್ ಶಾರ್ಪ್ ಈವೆಂಟ್‌ಗಳು: ನನ್ನ ಅನುಭವ

ಕಲಬುರಗಿಯಲ್ಲಿ ಡಿಸೆಂಬರ್ ಬಂತೆಂದರೆ ಹೊಸ ತೊಗರಿಯ ಕಾಲ. ಅದೇ ಹೊತ್ತಿಗೆ ಒಂದು ದಾಲ್ ಮಿಲ್‌ನವರು ನನಗೆ ಕೆಲಸ ಒಪ್ಪಿಸಿದರು. ಎಲೆಕ್ಟ್ರಾನಿಕ್ ಕಾಟಾದಿಂದ ಒಂದು ಕೇಬಲ್ ಕಂಪ್ಯೂಟರಿಗೆ ಬರುತ್ತದೆ. ಚೀಲ ಇಟ್ಟರೆ ತೂಕ ತಾನಾಗಿಯೇ ದಾಖಲಾಗಬೇಕು, ಅಷ್ಟೇ.

ಅದಕ್ಕೆ ಎಫ್ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿದೆ. ಮೊದಲು ಬರೆದದ್ದು ಒಂದೇ ಉದ್ದನೆಯ ಹ್ಯಾಂಡ್ಲರ್, ಅಂದರೆ ಈವೆಂಟ್ (ಏನೋ ನಡೆಯಿತೆಂಬ ಸೂಚನೆ) ಬಂದಾಗ ಓಡುವ ಕೋಡ್. ಸೀರಿಯಲ್ ಪೋರ್ಟ್‌ನಲ್ಲಿ (ಕಾಟಾದ ಕೇಬಲ್ ಸೇರುವ ಕಡೆ) ಡೇಟಾ ಬಂದಾಗಲೆಲ್ಲ ಅದು ಓಡುತ್ತಿತ್ತು. ಒಳಗೆ ನಾಲ್ಕು ಮ್ಯೂಟಬಲ್ (ಬದಲಾಗಬಲ್ಲ) ವೇರಿಯಬಲ್, ಇಫ್ ಒಳಗೆ ಇಫ್. ಎರಡನೇ ದಿನವೇ ಗುಮಾಸ್ತರು ಕರೆದು ತೋರಿಸಿದರು: "ತಮ್ಮಾ, ಒಂದೇ ಚೀಲ ಎರಡು ಸಲ ಬರದದ ನೋಡು."

ಕಾಟಾದ ಪಕ್ಕ ನಿಂತು ನೋಡಿದೆ. ಹಮಾಲರು ಚೀಲ ಇಳಿಸಿದಾಗ ತೂಕ 12, 31, 47 ಎಂದು ಏರಿ 50.2ಕ್ಕೆ ನಿಲ್ಲುತ್ತದೆ. ಯಾರಾದರೂ ಚೀಲದ ಮೇಲೆ ಕೈ ಊರಿದರೆ 53 ಆಗುತ್ತದೆ, ಕೈ ತೆಗೆದರೆ ಮತ್ತೆ 50.2. ನನ್ನ ಕೋಡಿಗೆ ಅದು ಹೊಸ ಚೀಲ. ಬಾರದ ಮಾಲಿಗೆ ಲೆಕ್ಕ ಬರೆದಂತಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಎಲ್ಲ ಅಳಿಸಿ ಹೊಸದಾಗಿ ಬರೆದೆ. ಎಫ್ ಶಾರ್ಪ್‌ನಲ್ಲಿ ಈವೆಂಟ್ ಕೂಡ ಒಂದು ವ್ಯಾಲ್ಯೂ. ಲಿಸ್ಟಿಗೆ ಮ್ಯಾಪ್ (ಪ್ರತಿಯೊಂದನ್ನೂ ಬದಲಿಸುವುದು), ಫಿಲ್ಟರ್ (ಬೇಕಾದ್ದನ್ನಷ್ಟೇ ಉಳಿಸುವುದು) ಹಚ್ಚಿದ ಹಾಗೆ ಈವೆಂಟಿಗೂ ಹಚ್ಚಬಹುದು, ಕೈಗೆ ಇನ್ನೊಂದು ಈವೆಂಟ್ ಸಿಗುತ್ತದೆ. ಹೀಗಾಗಿ ಒಂದು ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದರ ಫಲಿತಾಂಶವನ್ನು ಮುಂದಿನದಕ್ಕೆ ಕೊಡುವ ಪೈಪ್‌ನಿಂದ ಜೋಡಿಸಿದೆ.

ಕಾಟಾ ಪ್ರತಿ ತೂಕವನ್ನೂ ಒಂದು ಸಾಲಾಗಿ ಕಳಿಸುತ್ತದೆ, ಆದರೆ ಪೋರ್ಟ್ ಸಾಲನ್ನು ಇಡಿಯಾಗಿ ಕೊಡುವುದಿಲ್ಲ. "50" ಒಮ್ಮೆ ಬರಬಹುದು, ".2" ಆಮೇಲೆ. ಒಮ್ಮೊಮ್ಮೆ ಎರಡು ಸಾಲು ಒಟ್ಟಿಗೇ ಬರುತ್ತವೆ. ಅದಕ್ಕೆ ತುಣುಕುಗಳನ್ನು ಕೂಡಿಸಿ, ಸಾಲು ಪೂರ್ತಿಯಾದಾಗ ಮಾತ್ರ ಹೊಸ ಈವೆಂಟ್ ಟ್ರಿಗರ್ ಮಾಡಿದೆ. ಮುಂದೆ ಈವೆಂಟ್.ಚೂಸ್: ಸಾಲು ಸಂಖ್ಯೆಯಾದರೆ ಸಮ್ (Some, ಬೆಲೆ ಇದೆ), ಕಸವಾದರೆ ನನ್ (None, ಏನೂ ಇಲ್ಲ). ಕಸ ಅಲ್ಲಿಗೇ ನಿಂತಿತು.

ಮುಖ್ಯ ಕೆಲಸ ಮಾಡಿದ್ದು ಈವೆಂಟ್.ಸ್ಕ್ಯಾನ್. ಅದು ಹಿಂದಿನ ಸ್ಥಿತಿಯನ್ನೂ ಹೊಸ ತೂಕವನ್ನೂ ಕೊಡುತ್ತದೆ, ಮುಂದಿನ ಸ್ಥಿತಿ ಏನೆಂದು ನಾವು ಹೇಳಬೇಕು. ನಾನು ಮೂರೇ ಸ್ಥಿತಿ ಇಟ್ಟೆ: ಖಾಲಿ, ತೂಗುತ್ತಿದೆ, ಬರೆದಾಯ್ತು. ಸತತ ಐದು ರೀಡಿಂಗ್ 100 ಗ್ರಾಂ ಒಳಗೇ ಇದ್ದರೆ ಬರೆದಾಯ್ತು. ಅಲ್ಲಿಂದ ಹೊರಬರಲು ಒಂದೇ ದಾರಿ: ತೂಕ ಒಂದು ಕಿಲೋಗಿಂತ ಕೆಳಗಿಳಿದು ಖಾಲಿಯಾಗಬೇಕು. ಈಗ ಯಾರು ಎಷ್ಟು ಸಲ ಕೈ ಊರಿದರೂ ಚೀಲ ಒಂದೇ.

ಗುಮಾಸ್ತರಿಗೆ ಚೀಲ ರದ್ದು ಮಾಡುವ ಬಟನ್ ಬೇಕಿತ್ತು. ಎರಡು ಈವೆಂಟನ್ನು ಒಂದಾಗಿಸುವ ಈವೆಂಟ್.ಮರ್ಜ್‌ಗೆ ಎರಡೂ ಕಡೆ ಒಂದೇ ಟೈಪ್ ಇರಬೇಕು. ಅದಕ್ಕೆ ಚೀಲದ ಈವೆಂಟನ್ನೂ ಬಟನ್ನಿನದನ್ನೂ "ಬಂತು", "ರದ್ದು" ಎಂಬ ಎರಡು ಬಗೆಯಿರುವ ಒಂದು ಯೂನಿಯನ್ ಟೈಪಿಗೆ ಮ್ಯಾಪ್ ಮಾಡಿ ಕೂಡಿಸಿದೆ. ಒಟ್ಟು ಲೆಕ್ಕಕ್ಕೆ ಇನ್ನೊಂದು ಸ್ಕ್ಯಾನ್. ಇಲ್ಲಿ ಹುಷಾರಾಗಿರಬೇಕು: ಪೋರ್ಟಿನ ಈವೆಂಟ್ ಬೇರೆ ಥ್ರೆಡ್‌ನಲ್ಲಿ (ಪ್ರೋಗ್ರಾಂ ಒಳಗೆ ಜೊತೆಜೊತೆಗೇ ಓಡುವ ಪ್ರತ್ಯೇಕ ಕೆಲಸ) ಬರುತ್ತದೆ, ಬಟನ್ನಿನದು ಸ್ಕ್ರೀನಿನ ಥ್ರೆಡ್‌ನಲ್ಲಿ. ಮೊದಲ ಹಂತದಲ್ಲೇ ಎಲ್ಲವನ್ನೂ ಸ್ಕ್ರೀನಿನ ಥ್ರೆಡ್ಡಿಗೆ ತಂದುಬಿಟ್ಟೆ.

ಆಮೇಲೆ ಇನ್ನೊಂದು ತೊಂದರೆ. ಒಟ್ಟು ತೋರಿಸುವ ವಿಂಡೋವನ್ನು ಅವರು ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತಾರೆ. ಸಂಜೆ ಹೊತ್ತಿಗೆ ಪ್ರೋಗ್ರಾಂ ನಿಧಾನವಾಗುತ್ತಿತ್ತು. ಈವೆಂಟ್ ಮಾಡ್ಯೂಲಿನ ಮ್ಯಾಪ್, ಸ್ಕ್ಯಾನ್ ಮೂಲ ಈವೆಂಟಿಗೆ ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಪ್ರತಿ ವಿಂಡೋ ಹೊಸ ಪೈಪ್‌ಲೈನ್ ಕಟ್ಟುತ್ತಿತ್ತು, ಮುಚ್ಚಿದ ಮೇಲೂ ಅದು ಓಡುತ್ತಲೇ ಇತ್ತು. ಎಲ್ಲವನ್ನೂ ಅಬ್ಸರ್ವಬಲ್ ಎಂಬ ಇನ್ನೊಂದು ಮಾಡ್ಯೂಲಿಗೆ ಬದಲಿಸಿದೆ. ಅದರಲ್ಲಿ ಸಬ್‌ಸ್ಕ್ರೈಬ್ ಮಾಡಿದಾಗ (ಸೂಚನೆ ಪಡೆಯಲು ನಂಟು ಹಾಕಿಕೊಂಡಾಗ) ಸಿಗುವುದನ್ನು ಡಿಸ್ಪೋಸ್ ಮಾಡಿದರೆ ನಂಟು ಕಳಚುತ್ತದೆ. ವೇಗ ಸರಿಯಾಯಿತು, ಆದರೆ ವಿಂಡೋ ಮತ್ತೆ ತೆರೆದರೆ ಒಟ್ಟು ಸೊನ್ನೆಯಿಂದ ಶುರು! ಅಬ್ಸರ್ವಬಲ್.ಸ್ಕ್ಯಾನ್‌ನಲ್ಲಿ ಪ್ರತಿ ಸಬ್‌ಸ್ಕ್ರೈಬರಿಗೂ ಪ್ರತ್ಯೇಕ ಸ್ಥಿತಿ. ಈವೆಂಟ್.ಸ್ಕ್ಯಾನ್‌ನಲ್ಲಿ ಎಲ್ಲರಿಗೂ ಸೇರಿ ಒಂದೇ. ಹೆಸರು ಒಂದೇ ಇದ್ದರೂ ನಡತೆ ಬೇರೆ. ಇದನ್ನು ಹಿಡಿಯಲು ನನಗೆ ಎರಡು ದಿನ ಬೇಕಾಯಿತು.

ಕೊನೆಗೆ ಲೆಕ್ಕದ ಪೈಪ್‌ಲೈನ್ ಈವೆಂಟ್‌ನಲ್ಲೇ ಉಳಿಯಿತು. ಪ್ರೋಗ್ರಾಂ ಶುರುವಾದಾಗ ಒಮ್ಮೆ ಮಾತ್ರ ಕಟ್ಟುತ್ತೇನೆ. ವಿಂಡೋಗಳು ಅದರ ತುದಿಗೆ ಅಬ್ಸರ್ವಬಲ್ ಆಗಿ ಸಬ್‌ಸ್ಕ್ರೈಬ್ ಆಗುತ್ತವೆ, ಮುಚ್ಚುವಾಗ ಡಿಸ್ಪೋಸ್. ತೆರೆದ ಕೂಡಲೇ ತೋರಿಸಲು ಇತ್ತೀಚಿನ ಒಟ್ಟನ್ನು ಬೇರೆ ಇಟ್ಟಿದ್ದೇನೆ, ಇಲ್ಲದಿದ್ದರೆ ಮುಂದಿನ ಚೀಲ ಬರುವವರೆಗೆ ಸ್ಕ್ರೀನ್ ಖಾಲಿ.

ಅದಾದ ಮೇಲೆ ಒಂದು ವಾರ ಗುಮಾಸ್ತರು ತಮ್ಮ ವಹಿಯನ್ನೂ ಜೊತೆಗೇ ಬರೆದರು. ದಿನಾ ಸಂಜೆ ಇಬ್ಬರೂ ಕೂತು ತಾಳೆ ನೋಡಿದೆವು. ಏಳೂ ದಿನ ಚೀಲದ ಲೆಕ್ಕ ಕೂಡಿತು.