ಲೈಟಿನ ಮೇಲಿನ ಕಪ್ಪು ತೆಗೆಯಲು ಥಿನ್ನರ್ ಮುಟ್ಟಬೇಡಿ

ನಮ್ಮ ಭಾವ ಸೆಕೆಂಡ್‌ಹ್ಯಾಂಡ್ ಕಾರು ತಂದರು. ಹಿಂದಿನ ಲೈಟುಗಳಿಗೆ ಯಾರೋ ಕಪ್ಪು ಸ್ಪ್ರೇ ಹೊಡೆದಿದ್ದರು. ಹಗಲಲ್ಲಿ ಬ್ರೇಕ್ ಲೈಟ್ ಹತ್ತಿದ್ದೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ನಾನು ಹೋಗುವಷ್ಟರಲ್ಲಿ ಭಾವ ಬಟ್ಟೆಗೆ ಥಿನ್ನರ್ ಸುರಿದು ಎಡಗಡೆ ಡೂಮ್, ಅಂದರೆ ಲೈಟಿನ ಪ್ಲಾಸ್ಟಿಕ್ ಕವರ್, ಉಜ್ಜಿ ಮುಗಿಸಿದ್ದರು. ಪೇಂಟ್ ಹೋಗಿತ್ತು, ನಿಜ. ಆದರೆ ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ತುಂಬಾ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕು ಎದ್ದವು. ಅದು ಪಾಲಿಶ್‌ಗೆ ಹೋಗುವಂಥದ್ದಲ್ಲ. ಡೂಮೇ ಹೊಸದು ಹಾಕಿಸಬೇಕಾಯಿತು. ಬಲಗಡೆಯದಕ್ಕೆ ಕೈ ಹಾಕಲು ನಾನು ಬಿಡಲಿಲ್ಲ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಹೆಡ್‌ಲೈಟಿಗೆ ಗಾಜು ಇರುತ್ತಿತ್ತು. ಥಿನ್ನರ್ ಹಾಕಿ ಉಜ್ಜಿದರೂ ಅದಕ್ಕೇನೂ ಆಗುತ್ತಿರಲಿಲ್ಲ. ಆ ರೂಢಿ ಇನ್ನೂ ಹೋಗಿಲ್ಲ. ಈಗಿನ ಹೆಡ್‌ಲೈಟ್ ಪಾಲಿಕಾರ್ಬೊನೇಟ್, ಹಿಂದಿನದು ಹೆಚ್ಚಾಗಿ ಆಕ್ರಿಲಿಕ್. ಎರಡೂ ಪ್ಲಾಸ್ಟಿಕ್ಕೇ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಮೂರನ್ನೂ ದೂರ ಇಡಿ.

ನಿಮ್ಮ ಲೈಟಿನ ಮೇಲಿರುವುದು ಅಂಟಿಸಿದ ಫಿಲ್ಮೋ ಹೊಡೆದ ಪೇಂಟೋ ಮೊದಲು ನೋಡಿ. ಅಂಚಿನಲ್ಲಿ ಉಗುರು ಹಾಕಿದರೆ ಸಿಪ್ಪೆಯಂತೆ ಏಳುತ್ತದೆಯೇ? ಹಾಗಿದ್ದರೆ ಫಿಲ್ಮ್, ನಿಮ್ಮ ಅದೃಷ್ಟ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಲೈಟಿಗೆ ಒರಗಿಸಿದ ಹಾಗೆ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಅಂಗಡಿಯವರ ಹೀಟ್ ಗನ್ ಬೇಡ, ಆಕ್ರಿಲಿಕ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಶಾಂಪೂ ನೀರಲ್ಲಿ ತೊಳೆಯಿರಿ. ಬ್ಲೇಡ್ ಹಿಡಿದು ಕೆರೆಯಬೇಡಿ.

ಪೇಂಟ್ ಆಗಿದ್ದರೆ ಕೆಲಸ ಜಾಸ್ತಿ. ಜನ ಎಡವುವುದೂ ಇಲ್ಲೇ. ಡೂಮ್ ತೊಳೆದು, ಸುತ್ತಲಿನ ಬಾಡಿ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಹಾಕಿ. ಒಂದೇ ಸುತ್ತು ಹಾಕಿದರೆ ಉಜ್ಜುವ ಪೇಪರ್ ತಾಗಿ ಟೇಪ್ ಹರಿಯುತ್ತದೆ, ಆಮೇಲೆ ಬಾಡಿ ಪೇಂಟಿಗೆ ಗೀರು. 800, 1000, 1500, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್, ನಂಬರ್ ಹೆಚ್ಚಿದಷ್ಟೂ ನಯ) ತನ್ನಿ, ಅರ್ಧ ಗಂಟೆ ನೀರಲ್ಲಿ ನೆನೆಹಾಕಿ. ಬರಿ ಬೆರಳಲ್ಲಿ ಉಜ್ಜಿದರೆ ಬೆರಳಿನಷ್ಟಗಲ ಗುಳಿ ಬೀಳುತ್ತದೆ. ಪೇಪರನ್ನು ಸ್ಪಾಂಜ್ ತುಂಡಿಗೆ ಸುತ್ತಿಕೊಳ್ಳಿ.

ಮೊದಲು 800. ಒಂದೇ ದಿಕ್ಕಿಗೆ, ಕೈ ಭಾರ ಬಿಡದೆ. ನೀರು ಸುರಿಯುತ್ತಲೇ ಇರಬೇಕು. ಇಲ್ಲಿ ಕಣ್ಣು ಲೈಟಿನ ಮೇಲಲ್ಲ, ಇಳಿದು ಬರುವ ನೀರಿನ ಮೇಲೆ ಇರಲಿ. ಶುರುವಿಗೆ ಶಾಯಿಯ ಹಾಗೆ ಕಪ್ಪು ನೀರು ಬರುತ್ತದೆ. ಆಮೇಲೆ ಬೂದು. ಕೆಂಪು ಲೈಟಿನಿಂದ ತಿಳಿಗುಲಾಬಿ ನೀರು ಇಳಿಯಿತು ಅಂದರೆ ಪೇಂಟ್ ಮುಗಿದು ಪ್ಲಾಸ್ಟಿಕ್ಕೇ ಸವೆಯುತ್ತಿದೆ. ಆ ಜಾಗ ಬಿಟ್ಟುಬಿಡಿ, ಪಕ್ಕಕ್ಕೆ ಸರಿಯಿರಿ. ಮೂಲೆ, ಏಣುಗಳಲ್ಲಿ ಇದು ಬಲು ಬೇಗ ಆಗುತ್ತದೆ. ಅಲ್ಲಿ 800 ಬೇಡವೇ ಬೇಡ, 1000ದಿಂದಲೇ ಶುರು ಮಾಡಿ. ಹೆಡ್‌ಲೈಟಿನಲ್ಲಿ ಹಾಲಿನಂಥ ನೀರು ಬಂದರೆ ಕಂಪನಿಯ ಮೇಲುಕೋಟ್ ಹೋಗುತ್ತಿದೆ ಅಂತ ತಿಳಿಯಿರಿ.

ಕಪ್ಪು ಪೂರ್ತಿ ಹೋದ ಮೇಲೆ 1000ಕ್ಕೆ ಬನ್ನಿ, ಆದರೆ ಈಗ ಅಡ್ಡಡ್ಡ ಉಜ್ಜಿ. 800ರ ಉದ್ದ ಗೀರುಗಳು ಒಂದೂ ಕಾಣದಂತಾದ ಮೇಲೆ 1500, ಮತ್ತೆ ಉದ್ದಕ್ಕೆ. ಆಮೇಲೆ 2000. ನಡುನಡುವೆ ಒರೆಸಿ, ಒಣಗಿಸಿ ನೋಡಿ. ಒದ್ದೆ ಲೈಟು ಯಾವಾಗಲೂ ಚೆನ್ನಾಗೇ ಕಾಣುತ್ತದೆ! ಬೇಸರವಾಗಿ ಒಂದು ನಂಬರ್ ಹಾರಿಸಿದರೆ ಪಾಲಿಶ್ ಆದ ಮೇಲೆ ಆ ಗೀರುಗಳು ಬಿಸಿಲಲ್ಲಿ ಎದ್ದು ಕಾಣುತ್ತವೆ, ಮತ್ತೆ ಹಿಂದಕ್ಕೆ ಹೋಗಲೇಬೇಕು. ನನಗಾಗಿದೆ.

ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ.

ಟೂತ್‌ಪೇಸ್ಟ್ ಸಾಕು ಅಂತ ಹೇಳುವವರಿದ್ದಾರೆ. ಮಬ್ಬು ಸ್ವಲ್ಪ ತೆಗೆಯುತ್ತದೆ, ಪೇಂಟ್ ತೆಗೆಯಲ್ಲ. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಹೊಳಪು ತೋರಿಸುವ ವಿಡಿಯೋಗಳನ್ನಂತೂ ನಂಬಲೇಬೇಡಿ. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಪದರ ಕರಗಿಸುವುದರಿಂದ ಬರುವ ಹೊಳಪು ಅದು.

ಹಿಂದಿನ ಲೈಟಿಗೆ ಇಷ್ಟಕ್ಕೇ ನಿಲ್ಲಿಸಬಹುದು. ಹೆಡ್‌ಲೈಟ್ ಉಜ್ಜಿದ್ದರೆ ಮಾತ್ರ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು, ಇಲ್ಲದಿದ್ದರೆ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಡಬ್ಬಿಯ ಮೇಲೆ ಯುವಿ ಅಂತ ಬರೆದಿದೆಯಾ ನೋಡಿ, ಬರೀ ಲ್ಯಾಕರ್ ತರಬೇಡಿ. ಧೂಳಿಲ್ಲದ ಕಡೆ ತೆಳುವಾಗಿ ಎರಡು ಕೋಟ್ ಹೊಡೆಯಿರಿ. ಆಮೇಲೆ ಒಂದು ದಿನ ಕಾರು ತೊಳೆಯಬೇಡಿ, ಮಳೆಗೂ ಬಿಡಬೇಡಿ.