ಅಟ್, ಹ್ಯಾಶ್, ಅಂಡರ್‌ಸ್ಕೋರ್: ಮೊಬೈಲ್ ಬ್ರೈಲ್‌ನಲ್ಲಿ ಚಿಹ್ನೆ ಒತ್ತುವ ಬಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ಮೊಬೈಲ್ ಪಾಸ್‌ವರ್ಡ್ ಕೇಳುತ್ತದೆ ಎನ್ನಿ. ಬಾಯಲ್ಲಿ ಹೇಳಿ ಬರೆಸಿದರೆ ಅದು ಇಡೀ ಬಸ್ಸಿನ ಪಾಸ್‌ವರ್ಡ್ ಆಗುತ್ತದೆ. ನನ್ನಂತೆ ಕಣ್ಣು ಕಾಣದವರು ಸಾಮಾನ್ಯ ಕೀಲಿಮಣೆಯಲ್ಲಿ ಅಟ್ ಚಿಹ್ನೆ (@) ಹುಡುಕುತ್ತ ಕುಳಿತರೆ ನವನಗರ ದಾಟಿರುತ್ತದೆ. ಬ್ರೈಲ್ ಕೀಲಿಮಣೆಯಲ್ಲಿ ಅದಕ್ಕೆ ಎರಡು ಒತ್ತು ಸಾಕು.

ಪರದೆಯನ್ನು ಓದಿ ಹೇಳುವ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್‌ನಲ್ಲಿ ಈ ಕೀಲಿಮಣೆ 2020ರಿಂದ ಇದೆ. ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿಕೊಳ್ಳಿ. ಐಫೋನಿನವರು ಅದೇ ಕೆಲಸದ ವಾಯ್ಸ್‌ಓವರ್‌ನಲ್ಲಿ ರೋಟರ್ ಎಂಬ ಆಯ್ಕೆ ಪಟ್ಟಿಗೆ ಬ್ರೈಲ್ ಸ್ಕ್ರೀನ್ ಇನ್‌ಪುಟ್ ಸೇರಿಸಿಕೊಳ್ಳಬೇಕು. ಫೋನನ್ನು ಅಡ್ಡ ಹಿಡಿದು ಪರದೆಯನ್ನು ಹೊರಮುಖ ಮಾಡಿ. ಬ್ರೈಲ್ ಅಕ್ಷರಗಳೆಲ್ಲ ಆರು ಚುಕ್ಕಿಗಳ ಜೋಡಣೆಗಳು. ಎಡಗೈಯ ತೋರು, ನಡು, ಉಂಗುರದ ಬೆರಳುಗಳಿಗೆ 1, 2, 3ನೇ ಚುಕ್ಕಿ. ಬಲಗೈಯ ಅದೇ ಬೆರಳುಗಳಿಗೆ 4, 5, 6. ಹಾರ್ಮೋನಿಯಂನಲ್ಲಿ ಎರಡು ಮೂರು ಮನೆಗಳನ್ನು ಕೂಡಿಸಿ ಒತ್ತುವಂತೆ ಒಂದು ಅಕ್ಷರದ ಚುಕ್ಕಿಗಳನ್ನೆಲ್ಲ ಒಟ್ಟಿಗೆ ಒತ್ತಿ ಬಿಡಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರು ಚುಕ್ಕಿಗಳಿಂದ ಆಗುವ ಜೋಡಣೆಗಳು 63 ಮಾತ್ರ. ಅಕ್ಷರ, ವಿರಾಮ ಚಿಹ್ನೆಗಳಿಗೇ ಅವು ಬಹುಪಾಲು ಖರ್ಚು. ಹೀಗಾಗಿ ಇಂದಿನ ಇಂಗ್ಲಿಷ್ ಬ್ರೈಲ್‌ನಲ್ಲಿ ಅನೇಕ ಚಿಹ್ನೆಗಳಿಗೆ ಎರಡು ಕೋಶ, ಅಂದರೆ ಎರಡು ಜೋಡಣೆ ಬೇಕು: ಮೊದಲು ಒಂದು ಮುನ್ಸೂಚನೆ, ಆಮೇಲೆ ಚಿಹ್ನೆ. ಅಟ್ ಬೇಕಾದರೆ 4 ಒತ್ತಿ ಬಿಡಿ, ನಂತರ 1 ಒತ್ತಿ. ಹ್ಯಾಶ್‌ಗೆ 4-5-6, ನಂತರ 1-4-5-6. ಅಂಡರ್‌ಸ್ಕೋರ್‌ಗೆ 4-6, ನಂತರ 3-6. ಓರೆಗೆರೆಗೆ 4-5-6, ನಂತರ 3-4. ಶೇಕಡಾ ಚಿಹ್ನೆಗೆ 4-6, ನಂತರ 3-5-6. ನಕ್ಷತ್ರಕ್ಕೆ 5, ನಂತರ 3-5. ಮೊದಲ ಒತ್ತಿಗೆ ಯಾವ ಅಕ್ಷರವೂ ಮೂಡದಿದ್ದರೆ ಗಾಬರಿ ಬೇಡ, ಮತ್ತೆ ಒತ್ತಲೂ ಬೇಡ. ನಡುವೆ ಖಾಲಿ ಜಾಗ ಬಿಟ್ಟರೆ ಕೆಲಸ ಕೆಟ್ಟಿತು.

ಮುನ್ಸೂಚನೆ ತಪ್ಪಿದರೆ ಫೋನು ತಕರಾರು ಮಾಡುವುದಿಲ್ಲ, ಬೇರೇನನ್ನೋ ಬರೆದು ಸುಮ್ಮನಿರುತ್ತದೆ. ನಿಜವಾದ ತೊಂದರೆ ಇದೇ. ಅಂಡರ್‌ಸ್ಕೋರ್ ಹೋಗಿ ಬರೀ ಅಡ್ಡಗೆರೆ (ಹೈಫನ್) ಬರುತ್ತದೆ. ಕೂಡಿಸುವ ಚಿಹ್ನೆ ಹೋಗಿ ಉದ್ಗಾರ ಚಿಹ್ನೆ ಬರುತ್ತದೆ. ಲೈನ್ ಬಜಾರಿನಲ್ಲಿ ಪೇಡೆ ಕೊಂಡು ಹಣ ಕಳಿಸಲು ಯುಪಿಐ ಐಡಿ ಬರೆಯುವಾಗ ನನ್ನ 4ನೇ ಚುಕ್ಕಿ ಜಾರಿ, ಅಟ್ ಬದಲಿಗೆ ಎ ಅಕ್ಷರ ಬಿದ್ದಿತ್ತು. ನಾಲ್ಕು ಬಾರಿ ಪ್ರಯತ್ನಿಸಿ, ನೆಟ್‌ವರ್ಕ್‌ಗೆ ಬೈದು, ಕೊನೆಗೆ ನೋಟು ತೆಗೆದೆ. ಅಂದಿನಿಂದ ಬರೆದದ್ದನ್ನು ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡೇ ಕಳಿಸುತ್ತೇನೆ, ಇಯರ್‌ಫೋನ್ ಹಾಕಿಕೊಂಡು.

ಕನ್ನಡ ಬ್ರೈಲ್‌ನಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಅಲ್ಲಿ 4ನೇ ಚುಕ್ಕಿ ಎಂದರೆ ಒತ್ತಕ್ಷರಕ್ಕೆ ಬಳಸುವ ವಿರಾಮ, ಅಂದರೆ ಹಲಂತ. ಕನ್ನಡದಲ್ಲೇ ಇದ್ದುಕೊಂಡು ಅಟ್ ಹುಡುಕಬೇಡಿ. ಭಾಷೆಯನ್ನು ಮೊದಲು ಇಂಗ್ಲಿಷ್‌ಗೆ ಬದಲಿಸಿ. ಪಾಸ್‌ವರ್ಡಿಗೆ ಪದಗಳನ್ನು ಚುಟುಕಾಗಿ ಬರೆಯುವ ಸಂಕ್ಷಿಪ್ತ ಬ್ರೈಲ್ ಕೂಡ ಬೇಡ. ಅದು ಅಕ್ಷರಗಳನ್ನು ಪದಗಳಾಗಿ ಬಿಡಿಸಿಬಿಡಬಹುದು.

ಈಗ ಒಂದು ಅಭ್ಯಾಸ. ದೊಡ್ಡ ಪಿ, ಆಮೇಲೆ ಚಿಕ್ಕ ಇ, ಡಿ, ಎ, ಅಟ್, 25 ಬರೆಯಬೇಕು. ಧಾರವಾಡದ ಪೇಡೆಯೂ ಆಯಿತು, ಧಾರವಾಡದ ವಾಹನ ಸಂಖ್ಯೆಯೂ ಆಯಿತು. ದೊಡ್ಡಕ್ಷರಕ್ಕೆ ಮೊದಲು 6. ನಂತರ 1-2-3-4, 1-5, 1-4-5, 1. ಅಟ್‌ಗೆ 4, 1. ಅಂಕಿ ಬರುತ್ತದೆ ಎಂದು ತಿಳಿಸಲು 3-4-5-6, ಆಮೇಲೆ 1-2 ಮತ್ತು 1-5. ಅಂಕಿಯ ಬೆನ್ನಿಗೇ ಎ-ಯಿಂದ ಜೆ ವರೆಗಿನ ಚಿಕ್ಕ ಅಕ್ಷರ ಬರುವಂತಿದ್ದರೆ ನಡುವೆ 5-6 ಒತ್ತಿ, ಇಲ್ಲದಿದ್ದರೆ ಅದೂ ಅಂಕಿಯಾಗುತ್ತದೆ.

ಬೆರಳು ಪಳಗಿದ ಮೇಲೆ ಈ ಪಾಸ್‌ವರ್ಡ್ ಅಳಿಸಿಬಿಡಿ. ಪತ್ರಿಕೆಯಲ್ಲಿ ಅಚ್ಚಾದದ್ದು ಗುಟ್ಟಾಗಿ ಉಳಿಯುವುದಿಲ್ಲ.